ಅಂಗಡಿಯವರಿಗೊಂದು ರೇಟು, ಡಿಸ್ಕೌಂಟ್ ಸ್ಟೋರಿಗೊಂದು ರೇಟು ಯಾಕೆ?

ಸಂಪಾದಕರಿಗೆ ನಮಸ್ಕಾರ,

ದೊಡ್ಡ ಡಿಸ್ಕೌಂಟ್ ಸ್ಟೋರ್ ಬಂದ್ರೆ ಸುತ್ತಮುತ್ತಲಿನ ದಿನಸಿ ಅಂಗಡಿಗಳು ಮುಚ್ಚಿಹೋಗ್ತವೆ ಅಂತ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಓದಿ ಅಯ್ಯೋ ಪಾಪ ಅಂತೀವಿ, ಭಾನುವಾರ ಅದೇ ಸ್ಟೋರಿಗೆ ಹೋಗಿ ಟ್ರಾಲಿ ತುಂಬಿಸ್ಕೊಂಡು ಬರ್ತೀವಿ. ನಾನೂ ಹೋಗ್ತೀನಿ, ಕಡಿಮೆಗೆ ಸಿಕ್ರೆ ಯಾರು ಬಿಡ್ತಾರೆ ಹೇಳಿ. ನನ್ನ ತಕರಾರು ಅದಲ್ಲ. ಒಂದೇ ಸೋಪು, ಒಂದೇ ಟೂತ್‌ಪೇಸ್ಟನ್ನ ಕಂಪನಿಗಳು ದೊಡ್ಡವರಿಗೊಂದು ರೇಟಿಗೆ, ಸಣ್ಣವರಿಗೊಂದು ರೇಟಿಗೆ ಕೊಡ್ತಿವೆಯಲ್ಲ, ಅದರ ಬಗ್ಗೆ ಯಾರೂ ಬರೆಯಲ್ಲ.

ನಾನು ತುಮಕೂರಲ್ಲಿ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ರ ಬಿಲ್ಲಿಂಗ್ ನೋಡ್ಕೊಳ್ಳೋನು, ಹಾಗಾಗಿ ಎರಡೂ ಕಡೆ ರೇಟು ಕಣ್ಣಿಗೆ ಬೀಳುತ್ತೆ. ಕಂಪನಿ ಮಾಲು ನಮ್ಮ ಗೋಡೌನಿಗೆ ಬರುತ್ತೆ, ನಮಗೆ ನೂರಕ್ಕೆ ನಾಲ್ಕೋ ಐದೋ ರೂಪಾಯಿ ಮಾರ್ಜಿನ್, ಅದರಲ್ಲೇ ಗಾಡಿ ಬಾಡಿಗೆ, ಲೈನಿಗೆ ಅಂದ್ರೆ ಅಂಗಡಿ ಅಂಗಡಿಗೆ ಆರ್ಡರ್ ತರೋಕೆ ಹೋಗೋ ಹುಡುಗರ ಸಂಬಳ, ಬ್ಯಾಂಕ್ ಬಡ್ಡಿ, ಆಮೇಲೆ ಕಂಪನಿಯವರು ಆರು ತಿಂಗಳಾದ್ರೂ ಪಾಸ್ ಮಾಡದೇ ಇಟ್ಕೊಂಡಿರೋ ಹಾಳಾದ, ಡೇಟ್ ಮುಗಿದ ಮಾಲಿನ ಕ್ಲೇಮು, ಎಲ್ಲಾ ಅದರಲ್ಲೇ ಏಗಬೇಕು. ಅಂಗಡಿಯವರಿಗೆ ಹೆಚ್ಚೂಕಮ್ಮಿ ಹತ್ತು ಪರ್ಸೆಂಟ್ ಸಿಕ್ಕರೆ ದೊಡ್ಡದು. ಡಿಸ್ಕೌಂಟ್ ಸ್ಟೋರಿನವರು ಮಾತ್ರ ಸೀದಾ ಕಂಪನಿ ಜೊತೆನೇ ಮಾತಾಡ್ಕೊಳ್ತಾರೆ, ಮಧ್ಯದಲ್ಲಿ ನಾವು ಯಾರೂ ಇರಲ್ಲ.

ನಮ್ಮ ಲೈನಲ್ಲಿ ಒಬ್ಬ ಶೆಟ್ರಿದ್ದಾರೆ. ಒಂದಿನ ಹುಡುಗ ಆರ್ಡರ್ ಇಲ್ಲದೆ ವಾಪಸ್ ಬಂದ, ಶೆಟ್ರು ಡಿಟರ್ಜೆಂಟ್ ಬೇಡ ಅಂದ್ರಂತೆ. ವಸೂಲಿಗೆ ಹೋದಾಗ ನಾನೇ ಕೇಳಿದೆ, ಕೌಂಟರ್ ಕೆಳಗಿಂದ ಒಂದು ಚೀಲ ಎಳೆದು ತೋರಿಸಿದ್ರು, ಅದರ ತುಂಬಾ ರಿಂಗ್ ರೋಡಿನ ಡಿಸ್ಕೌಂಟ್ ಸ್ಟೋರಿನ ಸ್ಟಿಕ್ಕರ್ ಇರೋ ಪ್ಯಾಕೆಟ್ಟು. ಅಲ್ಲಿ ಒಬ್ಬರಿಗೆ ಇಷ್ಟೇ ಅಂತ ಲಿಮಿಟ್ ಇದೆಯಲ್ಲ, ಅದಕ್ಕೆ ಹೆಂಡತಿ ಮಕ್ಕಳನ್ನೆಲ್ಲ ಕರ್ಕೊಂಡೋಗಿ ಬೇರೆ ಬೇರೆ ಕ್ಯೂನಲ್ಲಿ ನಿಲ್ಲಿಸಿ ಬಿಲ್ ಮಾಡಿಸಿದ್ರಂತೆ. ಎರಡು ಬಿಲ್ಲೂ ಪಕ್ಕಪಕ್ಕ ಇಟ್ಟು ನೋಡಿದ್ವಿ. ಸ್ಟೋರಿನವರು ಗಿರಾಕಿಗೆ ಮಾರಿರೋ ರೇಟು ನಾವು ಅಂಗಡಿಗೆ ಹಾಕೋ ಹೋಲ್‌ಸೇಲ್ ರೇಟಿಗಿಂತ ಕಡಿಮೆ! ನಾನೇನು ಉತ್ತರ ಕೊಡ್ಲಿ, ಬಾಕಿ ಕೇಳೋಕೂ ಬಾಯಿ ಬರಲಿಲ್ಲ. ನಮ್ಮ ಓನರಿಗೆ ಹೇಳಿದ್ರೆ ಕಂಪನಿಗೆ ಆರ್ಡರ್ ಹಾಕೋದು ಬಿಟ್ಟು ನಾವೂ ಅಲ್ಲೇ ಹೋಗಿ ತರೋಣ ಬಿಡು ಅಂತ ನಕ್ಕರು.

ಇದು ತುಮಕೂರಿನ ಕಥೆ ಮಾತ್ರ ಅಲ್ಲ. 2021ರ ಕೊನೆಯಲ್ಲಿ ಡಿಸ್ಟ್ರಿಬ್ಯೂಟರುಗಳ ಅಖಿಲ ಭಾರತ ಫೆಡರೇಷನ್ ಇದೇ ವಿಷಯಕ್ಕೆ ಕಂಪನಿಗಳಿಗೆ ಪತ್ರ ಬರೆದಿತ್ತು, ಜಿಯೋಮಾರ್ಟು, ಮೆಟ್ರೋ ಥರದ ದೊಡ್ಡ ವ್ಯಾಪಾರಿ ಕಂಪನಿಗಳಿಗೆ ಕೊಡೋ ರೇಟೇ ನಮಗೂ ಕೊಡಿ ಇಲ್ಲಾಂದ್ರೆ ಜನವರಿ 1ರಿಂದ ಅಸಹಕಾರ ಅಂತ. ಮಹಾರಾಷ್ಟ್ರದಲ್ಲಿ ಕೋಲ್ಗೇಟ್ ಮಾಲನ್ನ ನಿಲ್ಲಿಸಿಯೂ ಬಿಟ್ಟಿದ್ರು. ಆಮೇಲೆ ಮಾತುಕತೆ ಅದೂ ಇದೂ ಆಯ್ತು, ನನ್ನ ಬಿಲ್ಲಲ್ಲಂತೂ ಏನೂ ಬದಲಾಗಿಲ್ಲ.

ನ್ಯಾಯವಾಗಿ ಹೇಳಬೇಕಂದ್ರೆ ಡಿಸ್ಕೌಂಟ್ ಸ್ಟೋರಿನವರು ಕಡಿಮೆಗೆ ಮಾರೋದೆಲ್ಲ ಮೋಸ ಅಲ್ಲ. ಡಿಮಾರ್ಟ್ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಶುರುವಾದಾಗಿಂದ ಹೆಚ್ಚಾಗಿ ಸ್ವಂತ ಜಾಗದಲ್ಲೇ ಅಂಗಡಿ ಇಡ್ತಾರೆ, ಬಾಡಿಗೆ ತಲೆನೋವಿಲ್ಲ, ಸಪ್ಲೈಯರಿಗೆ ಬೇಗ ದುಡ್ಡು ಕೊಟ್ಟು ಅದಕ್ಕೆ ಡಿಸ್ಕೌಂಟ್ ತಗೋತಾರೆ. ಅದು ವ್ಯಾಪಾರದ ಜಾಣತನ, ಶಭಾಷ್ ಅನ್ನಬೇಕು. ನಮ್ಮ ಅಂಗಡಿಯವರೂ ಸಾಚಾಗಳೇನಲ್ಲ, ಡೇಟ್ ಮುಗಿದ ಬಿಸ್ಕತ್ತನ್ನ ಮುಂದೆ ತಳ್ಳೋರು, ಚಿಲ್ಲರೆ ಬದಲು ಚಾಕ್ಲೇಟ್ ಕೊಡೋರು ಎಲ್ಲಾ ಇದ್ದಾರೆ. ಆದ್ರೆ ಜಾಣತನದಿಂದ ಉಳಿಸಿದ ದುಡ್ಡು ಯಾವುದು, ಕಂಪನಿ ಹೆದರಿ ಬಿಟ್ಟುಕೊಟ್ಟ ದುಡ್ಡು ಯಾವುದು ಅಂತ ಹೊರಗಿನವರಿಗೆ ಗೊತ್ತಾಗಲ್ಲ. ಆ ಬಿಟ್ಟುಕೊಟ್ಟ ದುಡ್ಡನ್ನ ಕಂಪನಿ ಎಲ್ಲಿಂದ ತುಂಬಿಸ್ಕೊಳ್ಳುತ್ತೆ ಅಂದ್ರೆ, ನಮ್ಮ ಸ್ಕೀಮ್, ಅಂದ್ರೆ ನಮಗೆ ಕೊಡ್ತಿದ್ದ ಹೆಚ್ಚುವರಿ ರಿಯಾಯಿತಿ, ಕಟ್ ಮಾಡಿ.

ಅದರ ಪೆಟ್ಟು ಕೊನೆಗೆ ಬೀಳೋದು ಯಾರಿಗೆ ಅಂತ ನೋಡಿ. ಗಾರ್ಮೆಂಟ್ಸಿಗೆ ಹೋಗೋ ಹೆಂಗಸು ಸಂಜೆ ಕಾಲು ಕೆಜಿ ಬೇಳೆ, ಹತ್ತು ರೂಪಾಯಿ ಎಣ್ಣೆ ಕೇಳ್ತಾಳೆ, ಸಂಬಳ ಆಗೋವರೆಗೂ ಉದ್ರಿ ಬರೆಸ್ತಾಳೆ. ರಿಂಗ್ ರೋಡಿನ ಸ್ಟೋರಲ್ಲಿ ಉದ್ರಿನೂ ಇಲ್ಲ, ಕಾಲು ಕೆಜಿನೂ ಇಲ್ಲ, ಹೋಗಿಬರೋಕೆ ಆಟೋಗೇ ಉಳಿಸಿದ ದುಡ್ಡು ಹೋಗುತ್ತೆ. ಕಾರು ಇರೋ ನನ್ನಂಥೋನಿಗೆ ಅಗ್ಗ, ಆಕೆಗೆ ಅದೇ ಬ್ರ್ಯಾಂಡು ದುಬಾರಿ, ಶೆಟ್ರು ಅಂಗಡಿ ಮುಚ್ಚಿದ ದಿನ ಉದ್ರಿನೂ ಇಲ್ಲ.

ಇನ್ನೊಂದು ತಮಾಷೆ ಇದೆ. 2003ರಲ್ಲಿ ಜರ್ಮನಿಯ ಮೆಟ್ರೋ ಬೆಂಗಳೂರಿಗೆ ಬಂತಲ್ಲ, ಸಣ್ಣ ಅಂಗಡಿಯವರಿಗೆ ಹೋಲ್‌ಸೇಲಲ್ಲಿ ಕೊಡ್ತೀವಿ ಅಂತ ಹೇಳಿಕೊಂಡೇ ಬಂದಿದ್ದು. ಅದನ್ನ ರಿಲಯನ್ಸ್ ರೀಟೇಲ್ 2,850 ಕೋಟಿಗೆ ತಗೊಳ್ತು, 2023ರಲ್ಲಿ ಆ ವ್ಯವಹಾರ ಮುಗೀತು. ಅಂದ್ರೆ ಅಂಗಡಿಯವರು ಈಗ ಮಾಲು ತರೋದೂ ಅವರ ಹತ್ರ, ಪೈಪೋಟಿ ಮಾಡೋದೂ ಅವರ ಜೊತೆ.

ಕಾನೂನು ಇಲ್ವಾ ಅಂದ್ರೆ ಇದೆ. 2002ರ ಸ್ಪರ್ಧಾ ಕಾಯ್ದೆ 4ನೇ ಸೆಕ್ಷನ್, ಪೈಪೋಟಿ ಮುರಿಯೋಕೆ ಅಂತಲೇ ಅಸಲಿಗಿಂತ ಕಡಿಮೆಗೆ ಮಾರೋ ಹಾಗಿಲ್ಲ. ಆದ್ರೆ ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇರೋರಿಗೆ ಮಾತ್ರ ಅದು ಅನ್ವಯ. ಇಡೀ ದೇಶದ ದಿನಸಿ ವ್ಯಾಪಾರ ಲೆಕ್ಕ ಹಾಕಿದ್ರೆ ಯಾರಿಗೂ ಪ್ರಾಬಲ್ಯ ಇಲ್ಲ, ಒಂದು ಊರಿನ ಮಟ್ಟಿಗೆ ಲೆಕ್ಕ ಹಾಕಿದ್ರೆ ಕಥೆ ಬೇರೆ ಇರಬಹುದು, ಹಾಗೆ ಸ್ಥಳೀಯವಾಗಿ ನೋಡೋಕೆ ಅದೇ ಕಾಯ್ದೆಯಲ್ಲಿ ದಾರಿನೂ ಇದೆ. ಜರ್ಮನಿಯವರು 2000ದಲ್ಲೇ ವಾಲ್‌ಮಾರ್ಟ್, ಆಲ್ಡಿ, ಲಿಡ್ಲ್ ಅನ್ನೋ ಮೂರು ದೊಡ್ಡ ಸ್ಟೋರಿನವರಿಗೂ ಹಾಲು ಬೆಣ್ಣೆ ಥರದ್ದನ್ನ ಅಸಲಿಗಿಂತ ಕಡಿಮೆಗೆ ಮಾರಬೇಡಿ ಅಂತ ಆರ್ಡರ್ ಮಾಡಿದ್ರು.

ಕಂಪನಿಗಳು ಎರಡು ರೇಟಿಗೆ ಕೊಡ್ತಾವೆ ಅನ್ನೋಕೆ ಪುರಾವೆ ಎಲ್ಲಿ ಅಂತ ಕೇಳ್ತಾರೆ. 2025ರ ಜುಲೈನಲ್ಲಿ ನಮ್ಮ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ಜಾಲಾಡಿ ಬೇಕರಿ, ತರಕಾರಿ, ಟೀ ಅಂಗಡಿಯವರಿಗೆಲ್ಲ ನೋಟಿಸ್ ಕೊಟ್ಟಿದ್ದು ನೆನಪಿದೆ ತಾನೆ, ಅಂಗಡಿಗಳ ಮುಂದೆ ಕ್ಯಾಶ್ ಮಾತ್ರ ಅಂತ ಬೋರ್ಡ್ ಬಿತ್ತು, ಗಲಾಟೆ ಆದ್ಮೇಲೆ ಮುಖ್ಯಮಂತ್ರಿಗಳು ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು. ಟೀ ಅಂಗಡಿಯವನ ಮೊಬೈಲಿಗೆ ಎಷ್ಟು ದುಡ್ಡು ಬಂತು ಅಂತ ಹುಡುಕೋಕೆ ಬರೋರಿಗೆ ಕಂಪನಿಗಳ ರೇಟು ಹುಡುಕೋದು ಕಷ್ಟನಾ? 5 ಕೋಟಿ ಮೇಲೆ ವಹಿವಾಟು ಇರೋ ಕಂಪನಿಗಳೆಲ್ಲ ಇ-ಇನ್‌ವಾಯ್ಸ್ ಮಾಡಲೇಬೇಕು, ಯಾರಿಗೆ ಯಾವ ಐಟಂ ಯಾವ ರೇಟಿಗೆ ಹಾಕಿದ್ರು ಅಂತ ಸಾಲು ಸಾಲಾಗಿ ಸರ್ಕಾರದ ಪೋರ್ಟಲ್ಲಿಗೆ ಹೋಗಿರುತ್ತೆ, ನಾನೇ ದಿನಾ ಅಪ್‌ಲೋಡ್ ಮಾಡ್ತೀನಿ. ವರ್ಷದ ಕೊನೆಗೆ ಕ್ರೆಡಿಟ್ ನೋಟಲ್ಲಿ, ಅಂದ್ರೆ ಬಿಲ್ ಮೊತ್ತ ಇಳಿಸೋ ಚೀಟಿಯಲ್ಲಿ, ಕೊಡೋ ಒಳ ಡಿಸ್ಕೌಂಟು ಅದರಲ್ಲಿ ಪೂರ್ತಿ ಕಾಣಲ್ಲ ನಿಜ, ಅದನ್ನ ಕಂಪನಿಯಿಂದಲೇ ತರಿಸ್ಕೊಳ್ಳಲಿ.

ನಾವು ಕೇಳ್ತಿರೋದು ಸಬ್ಸಿಡಿ ಅಲ್ಲ, ದೊಡ್ಡ ಸ್ಟೋರ್ ಮುಚ್ಚಿಸಿ ಅಂತಾನೂ ಅಲ್ಲ. ಇಷ್ಟು ಮಾಲಿಗೆ ಇಷ್ಟು ರೇಟು, ಇಷ್ಟು ದಿನದಲ್ಲಿ ದುಡ್ಡು ಕೊಟ್ರೆ ಇಷ್ಟು ಡಿಸ್ಕೌಂಟ್ ಅಂತ ಕಂಪನಿಗಳು ಬಹಿರಂಗವಾಗಿ ಹೇಳಲಿ. ನಾಲ್ಕು ಬೀದಿ ಅಂಗಡಿಯವರು ಸೇರಿ ಅಷ್ಟೇ ಮಾಲು ಎತ್ತಿ ಕ್ಯಾಶ್ ಕಟ್ಟಿದ್ರೆ ಅದೇ ರೇಟು ಅವರಿಗೂ ಸಿಗಲಿ. ರಾಜ್ಯದ ವಾಣಿಜ್ಯ ಕೈಗಾರಿಕಾ ಮಂಡಳಿ ಎಫ್‌ಕೆಸಿಸಿಐನವರು ಜಿಲ್ಲಾವಾರು ಬಿಲ್ಲು ಸೇರಿಸಿ ಸ್ಪರ್ಧಾ ಆಯೋಗಕ್ಕೆ ಕೊಡೋ ಮನಸ್ಸು ಮಾಡಿದ್ರೆ ಗಿರಾಕಿ ಅಂಗಡಿಗಳ ಹೆಸರು ಅಳಿಸಿ ನಮ್ಮದೂ ಒಂದು ಕಂತೆ ಕೊಡೋಕೆ ನಮ್ಮ ಓನರ್ ಒಪ್ಪಿದ್ದಾರೆ.

– ಒಬ್ಬ ಓದುಗ, ತುಮಕೂರು