ಮರದ ಆಟಿಕೆ: ಬಣ್ಣದ ವಿವರ ಬರಹದಲ್ಲಿರಲಿ

ಮಾನ್ಯ ಸಂಪಾದಕರೇ,

ಮಕ್ಕಳಿಗೆ ಪ್ಲಾಸ್ಟಿಕ್ ಬೇಡ, ಮರದ ಆಟಿಕೆಯನ್ನೇ ಕೊಡಿಸೋಣ ಎನ್ನುವ ತಂದೆತಾಯಂದಿರನ್ನು ಮೈಸೂರಿನಲ್ಲಿ ಕಾಣುವಾಗ ಸಂತೋಷವಾಗುತ್ತದೆ. ಆದರೆ ಮರದ್ದು ಎಂದ ಮಾತ್ರಕ್ಕೆ ಅದರಿಂದ ಅಪಾಯವಿಲ್ಲ ಎಂದು ನಂಬಿಬಿಡುವುದು ಸರಿಯಲ್ಲ. ಹಲ್ಲು ಮೂಡುವ ವಯಸ್ಸಿನ ಕೂಸು ಗಿಲಕಿಯನ್ನು ಕಚ್ಚಿ ಜೊಲ್ಲು ಸುರಿಸುವಾಗ ಅದರ ಬಾಯಿಗೆ ಮೊದಲು ಸಿಗುವುದು ಮೇಲೆ ಬಳಿದ ಬಣ್ಣ.

ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎದ್ದು ಕಾಣಲೆಂದು ಪೇಂಟಿಗೆ ಸೀಸದ ಕ್ರೋಮೇಟ್ ಎಂಬ ಬಣ್ಣದ ಪುಡಿ ಬೆರೆಸುವ ರೂಢಿ ಹಳೆಯದು. ದೊಡ್ಡವರ ಹೊಟ್ಟೆಗೆ ಹೋದ ಸೀಸಕ್ಕಿಂತ ಎಳೆಯ ಮಕ್ಕಳ ಹೊಟ್ಟೆಗೆ ಹೋದ ಸೀಸ ನಾಲ್ಕೈದು ಪಟ್ಟು ಹೆಚ್ಚಾಗಿ ಮೈಗೆ ಸೇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಿಂದ ಮೆದುಳಿನ ಬೆಳವಣಿಗೆಗೆ ಆಗುವ ಹಾನಿ ಎಷ್ಟೋ ಸಲ ಹೊರಗೆ ಗೊತ್ತಾಗುವುದೇ ಇಲ್ಲ. ಇಷ್ಟರವರೆಗೆ ಪರವಾಗಿಲ್ಲ ಎನ್ನಬಹುದಾದ ಮಿತಿಯೂ ಇಲ್ಲ.

ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ ಭೌಗೋಳಿಕ ಸೂಚಕ (ಒಂದು ಊರಿನ ವಿಶಿಷ್ಟ ಉತ್ಪನ್ನವೆಂಬ ಜಿಐ ಮಾನ್ಯತೆ) ಪಡೆದ ಆಟಿಕೆಗಳಿಗೂ ಇದರಿಂದ ವಿನಾಯಿತಿ ಇದೆ. ಮನೆಯಂಗಳದಲ್ಲೇ ಮರ ಕಡೆಯುವ ಯಂತ್ರ ಇಟ್ಟುಕೊಂಡ ಕುಟುಂಬವೊಂದು ಪ್ರಯೋಗಾಲಯದ ಖರ್ಚನ್ನು ಹೊರಲಾರದು, ಆದ್ದರಿಂದ ಈ ವಿನಾಯಿತಿ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಮುದ್ರೆ ಇಲ್ಲದ ಕಡೆ ಕೊಳ್ಳುವವರಿಗೆ ಉಳಿಯುವುದು ಮಾರುವವರ ಬಾಯಿಮಾತು ಮಾತ್ರ.

ಚನ್ನಪಟ್ಟಣದ ಹಳೆಯ ಪದ್ಧತಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ಭರವಸೆ ಮೂಡದೆ ಇರದು. ಹಾಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಬಳಿಕ ಒಣಗಿದ ತಾಳೆಗರಿಯನ್ನು ಒತ್ತಿ ಹೊಳಪು ತರುತ್ತಾರೆ. ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳನ್ನು ಅರಗಿಗೆ ಸೇರಿಸಿದ್ದರೆ ಮಗುವಿನ ಕೈಗೆ ಧೈರ್ಯವಾಗಿ ಕೊಡಬಹುದು. ಆದರೆ ಅದೇ ಅರಗಿಗೆ ರಾಸಾಯನಿಕ ಬಣ್ಣವನ್ನೂ ಬೆರೆಸಬಹುದು, ಅದೇ ಆಕಾರದ ಗೊಂಬೆಗೆ ಎನಾಮಲ್ ಪೇಂಟನ್ನೂ ಬಳಿಯಬಹುದು. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡುವ ಅಭ್ಯಾಸ ಹಲವರಿಗಿದೆ. ಬಣ್ಣ ಬಿಡುವ ಆಟಿಕೆಯನ್ನು ಬೇಡವೆನ್ನಲು ಅದು ಸಾಕು, ಬಣ್ಣ ಬಿಡದ ಆಟಿಕೆಯಲ್ಲಿ ಸೀಸವಿಲ್ಲ ಎನ್ನಲು ಸಾಲದು.

ಆದುದರಿಂದ ಅಂಗಡಿಯಲ್ಲಿ ಕೇಳಿಯೇ ಕೊಳ್ಳಬೇಕು. ಇದು ಅರಗೋ ಪೇಂಟೋ, ಬಣ್ಣ ಯಾವುದು, ಬಿಲ್ಲಿನ ಮೇಲೆ ಬರೆದು ಕೊಡುತ್ತೀರಾ ಎಂದು ವಿಚಾರಿಸಿದರೆ ಪ್ರಾಮಾಣಿಕ ವ್ಯಾಪಾರಿ ಬೇಸರಪಡುವುದಿಲ್ಲ. ತಿನ್ನರ್ ವಾಸನೆ ಇನ್ನೂ ಹೋಗದ, ಅಂಚಿನಲ್ಲಿ ಚಕ್ಕೆ ಎದ್ದ ಆಟಿಕೆಯನ್ನು ಅಲ್ಲೇ ಬಿಟ್ಟುಬರಬೇಕು. ಮೂರು ವರ್ಷ ತುಂಬದ ಮಕ್ಕಳಿಗೆ ಕಿತ್ತುಬರುವ ಮಣಿ, ಗಾಲಿ ಇರುವಂಥದ್ದು ಬೇಡವೇ ಬೇಡ. ನವರಾತ್ರಿಯಲ್ಲಿ ಮೆಟ್ಟಿಲ ಮೇಲೆ ಕೂರಿಸುವ ಗೊಂಬೆಗಳು ನೋಡುವುದಕ್ಕೆಂದೇ ಬಣ್ಣ ಕಂಡವು. ಅವನ್ನು ಕೂಸಿನ ಕೈಗೆ ಕೊಡಬಾರದು.

ಅಟ್ಟದಲ್ಲಿದ್ದ ಹಳೆಯ ತೊಟ್ಟಿಲನ್ನೋ ಮಗು ಹಿಡಿದು ನಡೆಯುವ ಮೂರು ಗಾಲಿಯ ಗಾಡಿಯನ್ನೋ ಇಳಿಸಿ, ಮರಳು ಕಾಗದದಿಂದ ಉಜ್ಜಿ ಹೊಸ ಬಣ್ಣ ಹೊಡೆಯುವುದು ನಮ್ಮ ಕಡೆ ಸಾಮಾನ್ಯ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಮನೆಯೊಳಗೆ ಉಜ್ಜಿದರೆ ಸೀಸದ ಧೂಳು ಮಗು ಅಂಬೆಗಾಲಿಡುವ ನೆಲದ ಮೇಲೇ ಕೂರಬಹುದು.

ದಸರಾ ವಸ್ತುಪ್ರದರ್ಶನದಲ್ಲಿ ಮರದ ಆಟಿಕೆಗಳನ್ನು ಮಾರುವ ಪ್ರತಿ ಮಳಿಗೆಯ ಮುಂದೆ ಬಳಸಿದ ಬಣ್ಣ ಯಾವುದು, ಯಾವ ವಯಸ್ಸಿನ ಮಕ್ಕಳಿಗೆ ತಕ್ಕದ್ದು ಎಂಬುದನ್ನು ಕನ್ನಡದಲ್ಲಿ ಬರೆದ ಫಲಕವಿರಬೇಕೆಂಬ ಷರತ್ತನ್ನು ಮಳಿಗೆ ಹಂಚುವಾಗಲೇ ವಿಧಿಸಬೇಕು ಎಂದು ಸಂಬಂಧಪಟ್ಟ ಅಧಿಕಾರಿಗಳನ್ನು ಕೋರುತ್ತೇನೆ. ಜೊತೆಗೆ ಪ್ರತಿ ಮಳಿಗೆಯಿಂದ ಒಂದೆರಡು ಆಟಿಕೆಗಳನ್ನು ಆಡಳಿತದ ಖರ್ಚಿನಲ್ಲೇ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಅಲ್ಲಿಯೇ ಪ್ರಕಟಿಸಲಿ.

— ಶಿಶುವಿಹಾರದ ಶಿಕ್ಷಕಿ, ಕುವೆಂಪುನಗರ, ಮೈಸೂರು