ಫಿಲಿಪ್ಪೀನ್ಸ್‌ನ ನೇಯ್ಗೆಗೆ ಕಲೆಯ ಪುಟದಲ್ಲಿ ಜಾಗವಿಲ್ಲವೇ?

ಮಾನ್ಯರೇ,

ಫಿಲಿಪ್ಪೀನ್ಸ್‌ನ ಸಮಕಾಲೀನ ಕಲೆ ಎಂದರೆ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಚಿತ್ರೋತ್ಸವಗಳಲ್ಲಿ ಬಹುಮಾನ ಪಡೆದ ನಿರ್ದೇಶಕರು, ಬಿಟ್ಟರೆ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಹೋದ ಕಲಾವಿದರು. ಅಲ್ಲಿನ ನೇಯ್ಗೆಯ ವಿಷಯ ಅಪರೂಪಕ್ಕೆ ಬಂದರೆ ಪ್ರವಾಸದ ಪುಟಕ್ಕೋ ಕರಕುಶಲದ ಅಂಕಣಕ್ಕೋ ಹೋಗುತ್ತದೆ, ‘ಕನಸು ನೇಯುವ ಹೆಂಗಳೆಯರು’ ಎಂಬ ತಲೆಬರಹ ಹೊತ್ತು. ಈ ವಿಂಗಡಣೆ ತಪ್ಪು. ಆ ಬಟ್ಟೆ ಹೇಗೆ ತಯಾರಾಗುತ್ತದೆ ಎಂದು ಹಂತ ಹಂತವಾಗಿ ನೋಡಿದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ.

ಫಿಲಿಪ್ಪೀನ್ಸ್ ಸರ್ಕಾರವೂ ಪಂಕ್ತಿಭೇದ ಮಾಡಿಲ್ಲವೆಂದಲ್ಲ. 1972ರಲ್ಲಿ ಆರಂಭವಾದ ‘ರಾಷ್ಟ್ರೀಯ ಕಲಾವಿದ’ ಗೌರವ ಮೊದಲು ಸಂದದ್ದು ಚಿತ್ರಕಾರ ಫೆರ್ನಾಂಡೊ ಅಮೊರ್ಸೊಲೊ ಅವರಿಗೆ. ನೇಕಾರರು, ಬುಡಕಟ್ಟಿನ ಹಾಡುಗಾರರು, ವಾದ್ಯಗಾರರಿಗಾಗಿ 1992ರಲ್ಲಿ ಪ್ರತ್ಯೇಕ ಕಾನೂನು ತಂದು ‘ಗವಾದ್ ಸಾ ಮಾನ್ಲಿಲಿಖಾ ನಂಗ್ ಬಾಯನ್’ ಎಂಬ ಬೇರೆಯೇ ಗೌರವ ಸ್ಥಾಪಿಸಿದರು. ಪಡೆದವರು ತಮ್ಮ ವಿದ್ಯೆಯನ್ನು ಕಿರಿಯರಿಗೆ ಕಲಿಸಬೇಕೆಂಬುದು ಅದರ ಕರಾರು. ಚಿತ್ರಕಾರರಿಗೂ ಇಂಥದೊಂದು ಕರಾರು ಇದ್ದಿದ್ದರೆ ಚೆನ್ನಾಗಿತ್ತು. ಆದರೆ 2016ರಲ್ಲಿ ಅಲ್ಲಿನ ಹನ್ನೊಂದು, ಹನ್ನೆರಡನೇ ತರಗತಿಗಳಿಗೆ ಬಂದ ಪಠ್ಯಕ್ರಮ ಹೆಚ್ಚು ಜಾಣತನ ತೋರಿತು. ‘ಪ್ರಾಂತಗಳ ಸಮಕಾಲೀನ ಫಿಲಿಪ್ಪೀನ್ ಕಲೆಗಳು’ ಎಂಬ ಒಂದೇ ವಿಷಯದೊಳಗೆ ಚಿತ್ರ, ಶಿಲ್ಪ, ಸಿನಿಮಾ, ನೃತ್ಯ, ರಂಗಭೂಮಿಯ ಜೊತೆಗೆ ನೇಯ್ಗೆಯನ್ನೂ ಕೂರಿಸಿತು. ಇವತ್ತು ನೇಯುತ್ತಿರುವ ಬಟ್ಟೆ ಇವತ್ತಿನ ಕಲೆಯೇ.

ತಿನಾಲಕ್ ಬಟ್ಟೆಯನ್ನೇ ತೆಗೆದುಕೊಳ್ಳಿ. ಮಿಂದನಾವೊ ದ್ವೀಪದ ದಕ್ಷಿಣ ಕೊಟಬಾಟೊ ಪ್ರಾಂತದ ಸೆಬು ಸರೋವರದ ಸುತ್ತ ನೆಲೆಸಿರುವ ತಿಬೋಲಿ ಜನರ ನೇಯ್ಗೆ ಇದು. ಎಳೆ ಅಬಾಕಾದ್ದು. ಅಬಾಕಾ ಬಾಳೆಯ ಜಾತಿಯೇ, ಆದರೆ ಹಣ್ಣಿಗೆ ಬೆಳೆಯುವ ಬಾಳೆಯಲ್ಲ. ನಾವು ಮನಿಲಾ ಹಗ್ಗ ಎನ್ನುವುದು ಇದರ ನಾರಿನದು. ಗಿಡ ಕಡಿಯಲು ಒಂದೂವರೆ ಎರಡು ವರ್ಷ ಕಾಯಬೇಕು. ದಿಂಡಿನ ಪಟ್ಟೆ ಸುಲಿದು, ಕತ್ತಿಯ ಅಲಗಿನಡಿ ಒತ್ತಿ ಎಳೆದರೆ ತಿರುಳು ಹಿಂದುಳಿದು ನಾರು ಈಚೆ ಬರುತ್ತದೆ. ಅದನ್ನು ಒಣಗಿಸಿ, ಬೆರಳಿನಿಂದ ಸೀಳಿ ಒಂದೇ ದಪ್ಪದ ಎಳೆಗಳನ್ನು ಆಯುತ್ತಾರೆ. ಇಲ್ಲಿ ಸೋಮಾರಿತನ ಮಾಡಿದರೆ ಬಣ್ಣ ಹಾಕುವಾಗ ಸಿಕ್ಕಿಬೀಳಬೇಕಾಗುತ್ತದೆ, ದಪ್ಪ ಎಳೆಯೂ ಸಣ್ಣ ಎಳೆಯೂ ಬಣ್ಣವನ್ನು ಸಮನಾಗಿ ಹೀರುವುದಿಲ್ಲ. ಹತ್ತಿಯಂತೆ ಇದನ್ನು ನೂಲುವುದಿಲ್ಲ. ಎಳೆಯ ತುದಿಗೆ ಇನ್ನೊಂದು ಎಳೆಯ ತುದಿಯನ್ನು ಗಂಟು ಹಾಕಿ, ಗಂಟಿನ ಬಾಲವನ್ನು ಕತ್ತರಿಸುತ್ತಾರೆ. ಇಡೀ ಬಟ್ಟೆಗೆ ಇಂಥ ಗಂಟುಗಳು ಸಾವಿರಾರು.

ಚಿತ್ರ ಹುಟ್ಟುವುದು ಮಗ್ಗದ ಮೇಲಲ್ಲ, ಅದಕ್ಕೂ ಮೊದಲು. ಹಾಸಿನ, ಅಂದರೆ ಉದ್ದಕ್ಕೆ ಬರುವ ಎಳೆಗಳನ್ನು ಚೌಕಟ್ಟಿಗೆ ಬಿಗಿದು, ಬಿಳಿಯಾಗಿ ಉಳಿಯಬೇಕಾದ ಮತ್ತು ಮುಂದೆ ಕೆಂಪಾಗಬೇಕಾದ ಜಾಗಗಳನ್ನು ಮೇಣ ಹಚ್ಚಿದ ದಾರದಿಂದ ಕಟ್ಟುತ್ತಾರೆ. ಇದು ಇಕ್ಕತ್ ಪದ್ಧತಿಯೇ. ಕಾಗದದ ನಕ್ಷೆ ಇರುವುದಿಲ್ಲ, ಎಳೆಗಳ ಲೆಕ್ಕ ನೇಕಾರ್ತಿಯ ತಲೆಯಲ್ಲಿರುತ್ತದೆ. ಮೊದಲ ಬಣ್ಣ ಕಪ್ಪು. ಬೀಡಿ ಎಲೆಯ ಮರದ ಕುಲಕ್ಕೇ ಸೇರಿದ ಕ್ನಾಲುಮ್ ಮರದ ಎಲೆಯ ಜೊತೆ ನಾರನ್ನು ಮತ್ತೆ ಮತ್ತೆ ಕುದಿಸಬೇಕು. ಕಡುಗಪ್ಪು ಬರಲು ವಾರಗಳೇ ಹಿಡಿಯುತ್ತವೆ. ಆಮೇಲೆ ಕೆಂಪಿನ ಕಟ್ಟುಗಳನ್ನಷ್ಟೇ ಬಿಚ್ಚಿ, ನಮ್ಮಲ್ಲಿ ನೋನಿ ಎನ್ನುವ ಗಿಡದ ಬಳಗದ ಲೊಕೊ ಬೇರಿನ ಬಣ್ಣದಲ್ಲಿ ಅದ್ದುತ್ತಾರೆ. ಬಿಳಿಯ ಕಟ್ಟುಗಳು ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಕಟ್ಟು ಸಡಿಲವಾಗಿದ್ದರೆ ಕಪ್ಪು ಒಳಗೆ ಜಿನುಗಿ ಬಿಳಿಯನ್ನು ಕೆಡಿಸುತ್ತದೆ, ಅದನ್ನು ಸರಿಪಡಿಸಲು ದಾರಿಯಿಲ್ಲ. ಚೌಕಟ್ಟಿನಿಂದ ಮಗ್ಗಕ್ಕೆ ಹಾಕುವಾಗ ಹಾಸು ಜರುಗಿದರೂ ಚಿತ್ರದ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ.

ಮಗ್ಗ ಸೊಂಟಕ್ಕೆ ಕಟ್ಟಿಕೊಳ್ಳುವಂಥದು. ಒಂದು ತುದಿ ಮನೆಯ ತೊಲೆಗೆ, ಇನ್ನೊಂದು ನೇಯುವವಳ ಬೆನ್ನಪಟ್ಟಿಗೆ. ಹಿಂದಕ್ಕೆ ವಾಲಿದರೆ ಹಾಸು ಬಿಗಿಯುತ್ತದೆ. ನೇಯುವುದು ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ, ಯಾಕೆಂದರೆ ಬಿಸಿಲೇರಿದಂತೆ ನಾರು ಒಣಗಿ ಪಟಪಟನೆ ತುಂಡಾಗುತ್ತದೆ. ಹೂ ಕಟ್ಟುವವರು ಬಾಳೆನಾರನ್ನು ನೀರಿನಲ್ಲಿ ನೆನೆಸಿಟ್ಟುಕೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೇಯ್ದಾದ ಮೇಲೆ ಸೂರಿಗೆ ಕಟ್ಟಿದ ಬಿದಿರಿನ ಗಳುವಿನ ತುದಿಗೆ ಕವಡೆ ಸಿಕ್ಕಿಸಿ, ಆ ಒತ್ತಡದಲ್ಲಿ ಬಟ್ಟೆಯನ್ನು ಉಜ್ಜುತ್ತಾರೆ. ಗಂಟುಗಳು ಚಪ್ಪಟೆಯಾಗಿ ಹೊಳಪು ಬರುತ್ತದೆ. ಹಾಸು ಹೂಡಿದಲ್ಲಿಂದ ಇಲ್ಲಿಗೆ ಬರಲು ತಿಂಗಳುಗಳು ಬೇಕು.

ನಕ್ಷೆಗಳು ಅಬಾಕಾದ ದೇವತೆ ಫು ದಾಲು ಕನಸಿನಲ್ಲಿ ಕೊಟ್ಟವು ಎಂಬುದು ತಿಬೋಲಿಗಳ ನಂಬಿಕೆ. ಅದನ್ನು ಗೌರವಿಸೋಣ. ಆದರೆ ಪತ್ರಿಕೆಗಳು ಕನಸಿಗೇ ನಿಂತುಬಿಟ್ಟರೆ ಎಳೆ ಎಣಿಸುವ, ಕಟ್ಟುವ, ಬಿಚ್ಚುವ ಬುದ್ಧಿ ಲೆಕ್ಕಕ್ಕೇ ಬರುವುದಿಲ್ಲ. ತಿಬೋಲಿ ನೇಕಾರ್ತಿ ಲಾಂಗ್ ದುಲಾಯ್ ಅವರು 1998ರಲ್ಲಿ ಮೇಲೆ ಹೇಳಿದ ‘ಗವಾದ್’ ಗೌರವ ಪಡೆದರು, 2015ರಲ್ಲಿ ತೀರಿಕೊಂಡರು. ಸುಮಾರು ನೂರು ನಕ್ಷೆಗಳು ಅವರಿಗೆ ಬಾಯಿಪಾಠವಾಗಿದ್ದವು. ನೂರು ರಾಗ ಬಲ್ಲವರನ್ನು ನಾವು ವಿದ್ವಾಂಸರೆನ್ನುತ್ತೇವೆ, ‘ಕನಸು ಕಂಡವರು’ ಎನ್ನುವುದಿಲ್ಲ.

ಮಾರುಕಟ್ಟೆಯ ತಕರಾರು ಬೇರೆಯಿದೆ. ತಿನಾಲಕ್ ಬಟ್ಟೆಯನ್ನು ಕತ್ತರಿಸಿದರೆ ಕೇಡು ಎಂಬ ನಂಬಿಕೆ ಆ ಜನರದು. ಪೇಟೆಗೆ ಬೇಕಾದದ್ದು ಚೀಲ, ಪರ್ಸು, ಪಾದರಕ್ಷೆ. ಇಷ್ಟರ ಮೇಲೆ ಪಾಲಿಯೆಸ್ಟರ್ ಮೇಲೆ ಅದೇ ನಕ್ಷೆ ಮುದ್ರಿಸಿದ ಮಾಲು. ಕೊಳ್ಳುವವರು ಹಿಂಬದಿ ತಿರುಗಿಸಿ ನೋಡಬೇಕು. ಇಕ್ಕತ್‌ನಲ್ಲಿ ಬಣ್ಣ ಎಳೆಯೊಳಗೇ ಇರುವುದರಿಂದ ಎರಡೂ ಬದಿ ಒಂದೇ ತರಹ ಕಾಣುತ್ತವೆ, ಬಣ್ಣದ ಅಂಚು ತುಸು ಕದಡಿದಂತಿರುತ್ತದೆ. ಅಂಚು ಗೀಟು ಹಾಕಿದಷ್ಟು ಚೂಪಾಗಿದ್ದು ಹಿಂಬದಿ ಮಾಸಲಾಗಿದ್ದರೆ ಅದು ಮುದ್ರಣ. ಕೊಂಡದ್ದನ್ನು ಸೀರೆಯಂತೆ ಮಡಿಸಿಡಬಾರದು, ಮಡಿಕೆಯಲ್ಲಿ ನಾರು ಮುರಿಯುತ್ತದೆ. ಸುರುಳಿ ಸುತ್ತಿಡಬೇಕು.

ಗ್ಯಾಲರಿಯ ಕಲಾವಿದರು ಸೂಜಿ ದಾರ ಹಿಡಿದರೆ ಮಾತ್ರ ನಮಗೆ ಬಟ್ಟೆ ಕಲೆಯಾಗಿ ಕಾಣುತ್ತದೆ. ಬಟಾನೆಸ್ ದ್ವೀಪಸಮೂಹದಲ್ಲಿ ಹುಟ್ಟಿದ ಪಸೀಟಾ ಅಬಾದ್ (1946–2004) ಚೌಕಟ್ಟಿಗೆ ಬಿಗಿಯದ ಕ್ಯಾನ್ವಾಸಿನಲ್ಲಿ ಚಿತ್ರ ಬರೆದು, ಹಿಂದೆ ಇನ್ನೊಂದು ಬಟ್ಟೆ ಕೊಟ್ಟು, ನಡುವೆ ಅರಳೆಯಂಥದನ್ನು ತುಂಬಿ, ಕೈಹೊಲಿಗೆ ಹಾಕಿ, ಮೇಲೆ ಗುಂಡಿ, ಕವಡೆ, ಕನ್ನಡಿ ಚೂರು ಕೂಡಿಸುತ್ತಿದ್ದರು. ಟ್ರಪುಂಟೊ ಎಂಬ ಹೆಸರಿನ ಈ ಕೃತಿಗಳಿಗೆ ದೊಡ್ಡ ಮ್ಯೂಸಿಯಂಗಳಲ್ಲಿ ಜಾಗ ಸಿಕ್ಕಿದೆ. 1989ರಲ್ಲಿ ಹುಟ್ಟಿದ ಸಿಯನ್ ದಾಯ್ರಿತ್ ಬಟ್ಟೆಯ ಮೇಲೆ ಕಸೂತಿಯ ಭೂಪಟಗಳನ್ನು ಮಾಡುತ್ತಾರೆ. ವಸಾಹತಿನ ಕಾಲದ ಭೂಪಟಗಳು ಕೈಬಿಟ್ಟ ಹಾಡಿ, ಹೊಲ, ಒಕ್ಕಲೆಬ್ಬಿಸಿದ ಜನ ಅವುಗಳಲ್ಲಿ ಬರುತ್ತಾರೆ. ಇವರಿಬ್ಬರ ಕೆಲಸ ಕಲೆಯ ಪುಟಕ್ಕೆ ಸಲ್ಲುವುದಾದರೆ ಲಾಂಗ್ ದುಲಾಯ್ ಅವರದೂ ಸಲ್ಲಬೇಕು.

ಫಿಲಿಪ್ಪೀನ್ಸ್‌ನ ಇನ್ನೊಂದು ಬಟ್ಟೆಯ ವಿಷಯ ಬನವಾಸಿ, ಸೊರಬ, ಶಿರಸಿ ಕಡೆಯ ಅನಾನಸ್ ಬೆಳೆಗಾರರಿಗೂ ಸಂಬಂಧಿಸಿದ್ದು. ಪನಾಯ್ ದ್ವೀಪದ ಅಕ್ಲಾನ್ ಪ್ರಾಂತದಲ್ಲಿ, ಮುಖ್ಯವಾಗಿ ಕಲಿಬೊದಲ್ಲಿ, ಅನಾನಸ್ ಎಲೆಯ ನಾರಿನಿಂದ ನೇಯುವ ಪಿನ್ಯ ಬಟ್ಟೆಯನ್ನು ಯುನೆಸ್ಕೊ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಡಸರು ಸಮಾರಂಭಗಳಿಗೆ ತೊಡುವ ಪಾರದರ್ಶಕ ಬಾರೊಂಗ್ ಅಂಗಿಯನ್ನು ಇದರಿಂದಲೂ ಹೊಲಿಯುತ್ತಾರೆ. ‘ಎಲೆ ಬಿಸಾಡುವ ಬದಲು ನಾವೂ ನೇಯೋಣ’ ಎನ್ನುವ ಮಾತು ಸುಲಭ. ಅಲ್ಲಿ ಬಳಸುವುದು ರೆಡ್ ಸ್ಪ್ಯಾನಿಷ್ ತಳಿ, ಎಲೆ ಉದ್ದ, ನಾರು ಗಟ್ಟಿ. ನಮ್ಮಲ್ಲಿ ಹೆಚ್ಚಾಗಿರುವುದು ಕ್ಯೂ ಮತ್ತು ಕ್ವೀನ್ ತಳಿಗಳು, ಎರಡೂ ಹಣ್ಣಿಗಾಗಿ. ಎಲೆ ಉದ್ದವಾಗಲೆಂದು ಅಲ್ಲಿ ಹಣ್ಣನ್ನು ಎಳಸಾಗಿರುವಾಗಲೇ ಚಿವುಟುವ ರೂಢಿಯಿದೆ. ನಮ್ಮ ಯಾವ ರೈತ ಅದಕ್ಕೆ ಒಪ್ಪಿಯಾನು? ಎಲೆ ಹಸಿಯಿರುವಾಗಲೇ ಮುಳ್ಳಂಚು ತೆಗೆದು ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಕೆರೆದರೆ ಮೊದಲು ಬರುವುದು ‘ಬಸ್ತೋಸ್’ ಎಂಬ ಒರಟು ನಾರು. ಅದನ್ನು ಎಳೆದು ತೆಗೆದ ಮೇಲೆ ತೆಂಗಿನ ಕರಟದಿಂದ ಹಗುರವಾಗಿ ಕೆರೆದಾಗ ಸಿಗುವ ‘ಲಿನಿವಾನ್’ ನೇಯ್ಗೆಗೆ ಬರುವ ನಾರು. ಕೈ ಒತ್ತಿದರೆ ಅದು ಹರಿಯುತ್ತದೆ, ಒತ್ತದಿದ್ದರೆ ಹಸಿರು ತಿರುಳು ಅಂಟಿಕೊಂಡೇ ಉಳಿದು ನಾರಿನ ಬಣ್ಣ ಕೆಡುತ್ತದೆ. ತೊಳೆದು ಒಣಗಿಸಿದ ಮೇಲೆ ಇದಕ್ಕೂ ಗಂಟು ಹಾಕುವ ಕೆಲಸವೇ. ನೂರು ಕಿಲೊ ಹಸಿ ಎಲೆಗೆ ಒಟ್ಟು ನಾರು ಎರಡು ಮೂರು ಕಿಲೊ, ಅದರಲ್ಲಿ ನಯವಾದದ್ದು ಒಂದು ಪಾಲು. ನಾರು ತೆಗೆಯುವ ಯಂತ್ರ ಎರಡನ್ನೂ ಬೆರೆಸಿಬಿಡುತ್ತದೆ. ಅಂಥ ನಾರಿನಿಂದ ಚಾಪೆ, ಚೀಲ, ಹತ್ತಿ ಬೆರೆಸಿದ ನೂಲು ಆಗಬಹುದು, ಬಾರೊಂಗ್ ಆಗದು. ಕಲಿಬೊದಲ್ಲೇ ಹಾಸಿನ ಎಳೆಗೆ ರೇಷ್ಮೆ ಹೂಡಿ, ಹೊಕ್ಕಿನ ಅಡ್ಡ ಎಳೆಗೆ ಮಾತ್ರ ಅನಾನಸ್ ನಾರು ಕೊಡುವ ಪಿನ್ಯ ಸೇದ ಎಂಬ ಬಟ್ಟೆಯಿದೆ. ರೇಷ್ಮೆಯ ನಾಡಾದ ನಮಗೆ ಪ್ರಯೋಗ ಮಾಡುವುದಿದ್ದರೆ ಶುರುಮಾಡಬೇಕಾದದ್ದು ಅಲ್ಲಿಂದ.

ತಮ್ಮಲ್ಲಿ ಕೋರಿಕೆ ಒಂದೇ. ಮುಂದೆ ಇಂಥ ಬಟ್ಟೆಯ ಚಿತ್ರ ಅಚ್ಚಾದಾಗ ಅದರಡಿ ‘ಬುಡಕಟ್ಟಿನ ಮಹಿಳೆ’ ಎಂದು ಬರೆಯದೆ, ತೈಲಚಿತ್ರದ ಅಡಿ ಬರೆಯುವಂತೆಯೇ ಬರೆಯಿರಿ: ನೇಯ್ದವರ ಹೆಸರು, ನಕ್ಷೆಯ ಹೆಸರು, ನಾರು, ಬಣ್ಣ, ಅಳತೆ, ವರ್ಷ.

ಇಂತಿ,
ತಮ್ಮ ಓದುಗ