ಶನಿವಾರದ ಫೈನಲ್‌ಗೆ ಮುನ್ನ ಅಳಿಯನಿಗೊಂದು ಪತ್ರ

ಮಂಗಳೂರು
9-4-2025, ಬುಧವಾರ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಸೆಕೆ ಮಾತ್ರ ಸಹಿಸಲಾಗದಷ್ಟಿದೆ. ಸೋಮವಾರ ರಾತ್ರಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡವು ಜಮ್ಶೆಡ್‌ಪುರವನ್ನು ದಾಟಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲಿನ ಫೈನಲ್ ಸೇರಿದ ಮೇಲೆ ನೀನು ಬರೆದು ಕಳುಹಿಸಿದ ಉದ್ದನೆಯ ಸಂದೇಶವನ್ನು ಮೂರು ಸಲ ಓದಿದೆ. ಶನಿವಾರ ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಕಪ್ ಎತ್ತುವ ಸಾಧ್ಯತೆ ಹತ್ತರಲ್ಲಿ ಎಂಟು ಪಾಲು ಎಂದು ಬರೆದು, ಅದಕ್ಕೆ ಕಾರಣಗಳನ್ನು ವಕೀಲರ ಹಾಗೆ ಒಂದೊಂದಾಗಿ ಜೋಡಿಸಿದ್ದೀಯೆ. ಕೊನೆಯ ಸಾಲಿನಲ್ಲಿ, ಅದೇನೂ ದೊಡ್ಡ ವಿಷಯವಲ್ಲವೆಂಬಂತೆ, ಕೋಲ್ಕತ್ತದವನಾದ ನಿನ್ನ ರೂಮಿನ ಗೆಳೆಯನೊಂದಿಗೆ ಎಂಟು ಸಾವಿರ ರೂಪಾಯಿ ಪಣ ಕಟ್ಟಿರುವುದನ್ನೂ ತಿಳಿಸಿದ್ದೀಯೆ. ಮೊದಲ ಭಾಗ ಓದಿ ಸಂತೋಷಪಟ್ಟೆ. ಕೊನೆಯ ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಆಟ ಮುಗಿದ ಮೇಲೆ ತಲುಪೀತು. ಆದ್ದರಿಂದ ನಿನ್ನ ಅತ್ತೆ ಇದರ ಫೋಟೋ ತೆಗೆದು ಕಳುಹಿಸುತ್ತಾಳೆ. ಮೊಬೈಲಿನಲ್ಲಿ ಇಷ್ಟು ಉದ್ದ ಒತ್ತುತ್ತಾ ಕೂರಲು ನನ್ನಿಂದಾಗದು.

ನಿನ್ನ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ್ದು ತವರು ಮೈದಾನದ ಮಾತು. ಐಎಸ್‌ಎಲ್‌ನ ಫೈನಲ್ ಈವರೆಗೆ ನಾಲ್ಕು ಬಾರಿ ಆಡುವ ತಂಡಗಳಲ್ಲೊಂದರ ತವರಿನಲ್ಲೇ ನಡೆದಿದೆ, ನಾಲ್ಕೂ ಬಾರಿ ಆ ತವರಿನ ತಂಡವೇ ಸೋತಿದೆ ಎಂದು ನೀನು ಬರೆದದ್ದು ನಿಜ. 2015ರಲ್ಲಿ ಫತೋರ್ಡಾದಲ್ಲಿ ಗೋವಾ, 2016ರಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್, 2018ರಲ್ಲಿ ಕಂಠೀರವದಲ್ಲಿ ನಾವು, ಕಳೆದ ವರ್ಷ ಇದೇ ಸಾಲ್ಟ್ ಲೇಕ್‌ನಲ್ಲಿ ಇದೇ ಮೋಹನ್ ಬಾಗಾನ್. ಆದರೆ ಆ ನಾಲ್ಕನ್ನು ಬಿಡಿಸಿ ನೋಡು. ಗೋವಾ ತಂಡವು ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ 2-1ರಿಂದ ಮುಂದಿತ್ತು. ತನ್ನ ಗೋಲಿಗೆ ತಾನೇ ಚೆಂಡು ಸೇರಿಸಿಕೊಂಡು ಸಮವಾಗಿ, ಮತ್ತೆರಡು ನಿಮಿಷದಲ್ಲಿ ಚೆನ್ನೈ ನಗರದ ತಂಡವಾದ ಚೆನ್ನೈಯಿನ್‌ಗೆ ಇನ್ನೊಂದನ್ನು ಬಿಟ್ಟುಕೊಟ್ಟಿತು. ಕೊಚ್ಚಿಯ ಫೈನಲ್ ಪೆನಾಲ್ಟಿಗಳಲ್ಲಿ ತೀರ್ಮಾನವಾಯಿತು. ಅಂದರೆ ನಾಲ್ಕರಲ್ಲಿ ಎರಡು ಕೂದಲೆಳೆಯಲ್ಲಿ ಆ ಕಡೆಗೆ ಹೋದವು. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕೂ ಸಲ ಸಿಂಹದ ಮುಖವೇ ಬೀಳುವುದು ಹದಿನಾರರಲ್ಲಿ ಒಮ್ಮೆ. ಅದು ಅಪರೂಪವೇ ಹೊರತು ಅದ್ಭುತವಲ್ಲ, ಐದನೆಯ ಸಲ ಚಿಮ್ಮುವಾಗ ನಾಣ್ಯಕ್ಕೆ ಹಿಂದಿನದೇನೂ ನೆನಪಿರುವುದಿಲ್ಲ. ನಮ್ಮೂರಿನ ಕೋಳಿ ಅಂಕಗಳಲ್ಲಿ ಕುಕ್ಕುಟ ಪಂಚಾಂಗ ಬಿಚ್ಚಿ, ಈ ವಾರ ಈ ಜಾವಕ್ಕೆ ಈ ಬಣ್ಣದ ಹುಂಜವೇ ಗೆಲ್ಲುವುದೆಂದು ಲೆಕ್ಕ ಹಾಕಿಯೇ ಹಣ ಇಡುವವರಿದ್ದರು. ಪಂಚಾಂಗ ನೋಡಿದವನು ಸೋತ ಹುಂಜವನ್ನು ಕಳೆದುಕೊಂಡು ಬರಿಗೈಯಲ್ಲಿ ಮನೆಗೆ ನಡೆದದ್ದನ್ನು ಸಣ್ಣವನಿದ್ದಾಗ ನಾನೇ ನೋಡಿದ್ದೇನೆ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತೂಗುವ ಮೇಜಿನಲ್ಲಿ ಬಹಳ ಕಾಲ ಕುಳಿತವನು. ಸಾಲ ಕೇಳಿಕೊಂಡು ಬಂದವರಲ್ಲಿ ಸುಳ್ಳು ಹೇಳುವವರು ಕಡಿಮೆ. ಹೆಚ್ಚಿನವರು ತಮ್ಮ ವ್ಯಾಪಾರದ ಒಳ್ಳೆಯ ವರ್ಷಗಳ ಲೆಕ್ಕವನ್ನಷ್ಟೇ ಮುಂದಿಡುತ್ತಿದ್ದರು, ಮತ್ತು ಅದನ್ನೇ ಪೂರ್ತಿ ಲೆಕ್ಕವೆಂದು ತಾವೂ ನಂಬಿರುತ್ತಿದ್ದರು. ನಿನ್ನ ಸಂದೇಶ ಓದುವಾಗ ನನಗೆ ಅವರ ನೆನಪಾಯಿತು. ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಮೋಹನ್ ಬಾಗಾನನ್ನು 3-0ರಿಂದ ಸೋಲಿಸಿದ್ದನ್ನು ಬರೆದಿದ್ದೀಯೆ. ಜನವರಿಯಲ್ಲಿ ಸಾಲ್ಟ್ ಲೇಕ್‌ನಲ್ಲಿ 1-0ರಿಂದ ಸೋತದ್ದನ್ನು ಬರೆದಿಲ್ಲ. ಮುಂಬೈ ವಿರುದ್ಧ ಹೊಡೆದ ಐದು ಗೋಲು ಬರೆದಿದ್ದೀಯೆ. ಅದು ನಮ್ಮ ಅಂಗಳದಲ್ಲಿ ಎಂಬುದನ್ನು ಬರೆದಿಲ್ಲ. ಗೋವಾವನ್ನು ಒಟ್ಟು 3-2ರಿಂದ ಮಣಿಸಿದೆವು ಎಂದಿದ್ದೀಯೆ. ಮೊನ್ನೆ ಭಾನುವಾರ ಫತೋರ್ಡಾದಲ್ಲಿ ಏನಾಯಿತು? ಎರಡು ಗೋಲಿನ ಮುನ್ನಡೆ ಇಟ್ಟುಕೊಂಡು ಹೋದವರು ಎರಡನ್ನೂ ಕಳೆದುಕೊಂಡರು. ಹೆಚ್ಚುವರಿ ಸಮಯ ಖಂಡಿತವೆಂದು ನಾನು ಟಿವಿಯ ಮುಂದೆ ಎದ್ದು ನಿಂತಿದ್ದಾಗ ನಮ್ಮ ಸುನಿಲ್ ಛೆಟ್ರಿ ತಲೆಯಿಂದ ಚೆಂಡನ್ನು ಒಳಗೆ ದೂಡಿದರು. ನಲವತ್ತು ವರ್ಷದ ಆ ಮನುಷ್ಯ ಇನ್ನೂ ಹಾಗೆ ಹಾರುವುದನ್ನು ಕಂಡು ನನ್ನ ಕಣ್ಣೂ ತುಂಬಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಆ ಪಂದ್ಯವನ್ನು ನಾವು ಸೋತೆವು. ನೀನು ಅದನ್ನು ಬಲದ ಪಟ್ಟಿಯಲ್ಲಿ ಬರೆದಿರುವೆ. ನಾನಾಗಿದ್ದರೆ ಅದರ ಅರ್ಧವನ್ನಾದರೂ ಎಚ್ಚರಿಕೆಯ ಪಟ್ಟಿಯಲ್ಲಿ ಬರೆಯುತ್ತಿದ್ದೆ.

ಈಗ ಎದುರಾಳಿಯ ಕಡೆ ನೋಡು. ಲೀಗ್‌ನ 24 ಪಂದ್ಯಗಳಲ್ಲಿ ಅವರು ಗಳಿಸಿದ್ದು 56 ಅಂಕ, ಮೂರನೆಯ ಸ್ಥಾನದ ನಾವು 38. ಅವರು ಸೋತದ್ದು ಎರಡೇ ಪಂದ್ಯ. ಅದರಲ್ಲೊಂದು ನಮ್ಮೆದುರು ಎಂಬುದು ಹೆಮ್ಮೆಯೇ, ಆದರೆ ಎರಡೂ ಹೊರ ಊರಿನಲ್ಲಿ. ತವರಿನಲ್ಲಿ ಇಡೀ ಸೀಸನ್ ಅವರು ಸೋತೇ ಇಲ್ಲ. ಮೆಕ್ಲಾರೆನ್, ಕಮ್ಮಿಂಗ್ಸ್, ಪೆಟ್ರಾಟೋಸ್, ಸ್ಟೀವರ್ಟ್ ಎಂಬ ನಾಲ್ವರು ಮುಂಚೂಣಿಯವರಲ್ಲಿ ಇಬ್ಬರನ್ನು ಬೆಂಚಿನಲ್ಲಿ ಕೂರಿಸಿ ಆಟ ಆರಂಭಿಸಬಲ್ಲ ತಂಡ ಅದು. ನಮ್ಮವರು ಕಾಲು ಎಳೆಯುತ್ತಿರುವ ಹೊತ್ತಿಗೆ ಆ ಇಬ್ಬರು ಹೊಸ ಉಸಿರಿನೊಂದಿಗೆ ಒಳಗೆ ಬರುತ್ತಾರೆ. ಫೆಬ್ರವರಿಯಲ್ಲಿ ಒಡಿಶಾ ವಿರುದ್ಧ, ಲೀಗಿನ ತುದಿಯಲ್ಲಿ ನಿಂತ ತಂಡಕ್ಕೆ ಸಿಗುವ ಶೀಲ್ಡನ್ನು ಅವರಿಗೆ ಖಚಿತಪಡಿಸಿದ ಗೋಲು ಬಂದದ್ದು ತೊಂಬತ್ತು ನಿಮಿಷ ಕಳೆದ ಮೇಲೆ. ಮೊನ್ನೆ ಜಮ್ಶೆಡ್‌ಪುರದ ವಿರುದ್ಧ ಅಪೂಯಾ ದೂರದಿಂದ ಹೊಡೆದದ್ದೂ ತೊಂಬತ್ತು ಕಳೆದ ಮೇಲೆಯೇ. ಇದರ ಮೇಲೆ ನಾವು ಮಾರ್ಚ್ 29ರಿಂದ ಶನಿವಾರದವರೆಗೆ ಎರಡು ವಾರದಲ್ಲಿ ನಾಲ್ಕನೆಯ ಪಂದ್ಯ ಆಡುತ್ತಿದ್ದೇವೆ, ಅವರು ಮೂರನೆಯದು. ಎಂಬತ್ತು ನಿಮಿಷಗಳವರೆಗೆ ನಾವು ಮುಂದಿದ್ದರೂ ನಾನು ಕುರ್ಚಿಗೆ ಒರಗಿ ಕೂರುವುದಿಲ್ಲ.

ಹಾಗೆಂದು ನಮಗೆ ದಾರಿಯೇ ಇಲ್ಲವೆನ್ನಲಾರೆ. ಹತ್ತು ಸೀಸನ್‌ಗಳಲ್ಲಿ ಲೀಗಿನ ತುದಿಯಲ್ಲಿದ್ದ ತಂಡವೇ ಕಪ್ ಗೆದ್ದದ್ದು ಎರಡೇ ಸಲ, 2019ರಲ್ಲಿ ನಾವು ಮತ್ತು 2021ರಲ್ಲಿ ಮುಂಬೈ. ಈ ಲೆಕ್ಕವನ್ನೂ ನೀನು ಹತ್ತರಲ್ಲಿ ಎರಡೆಂದು ಬರೆದೆ. ಆದರೆ ತುದಿಯಲ್ಲಿದ್ದ ತಂಡಗಳಲ್ಲಿ ಅರ್ಧದಷ್ಟು ಸೆಮಿಫೈನಲ್‌ನಲ್ಲೇ ಬಿದ್ದವು. ಮೋಹನ್ ಬಾಗಾನ್ ಆ ಹೊಳೆಯನ್ನು ಈಗಾಗಲೇ ದಾಟಿದೆ. ಫೈನಲ್‌ಗೆ ಬಂದ ಐದು ಅಗ್ರಸ್ಥಾನಿಗಳನ್ನಷ್ಟೇ ಎಣಿಸಿದರೆ ಐದರಲ್ಲಿ ಎರಡು. ಅದು ಕೂಡ ನಮಗೆ ಧೈರ್ಯ ಕೊಡುವ ಅಂಕಿಯೇ, ಆದರೆ ಹತ್ತರಲ್ಲಿ ಎರಡು ಎಂಬುದು ಕೊಡುವಷ್ಟು ಧೈರ್ಯವನ್ನು ಕೊಡುವುದಿಲ್ಲ. ಕಳೆದ ವರ್ಷ ಇದೇ ಅಂಗಳದಲ್ಲಿ ಮುಂಬೈ ಪರವಾಗಿ ಸಮಬಲದ ಗೋಲು ಹೊಡೆದ ಪೆರೇರಾ ಡಯಾಜ್ ಈಗ ನಮ್ಮ ಅಂಗಿ ತೊಟ್ಟಿದ್ದಾರೆ. ಅರವತ್ತು ಸಾವಿರ ಜನರ ಗದ್ದಲದಲ್ಲಿ ಅಲ್ಲಿ ಗೆದ್ದು ಬಂದವರೊಬ್ಬರು ಜೊತೆಗಿರುವುದು ಸಣ್ಣ ವಿಷಯವಲ್ಲ.

ನಾನು ಶನಿವಾರ ಮುಖ್ಯವಾಗಿ ನೋಡುವುದು ಕಾರ್ನರ್‌ಗಳನ್ನು, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಚೆಂಡುಗಳನ್ನು. ನಾವು ಆಡಿದ ಮೂರು ಫೈನಲ್‌ಗಳನ್ನು ನೆನಪಿಸಿಕೋ. 2018ರಲ್ಲಿ ಚೆನ್ನೈಯಿನ್‌ನ ಮೈಲ್ಸನ್ ಎರಡು ಸಲವೂ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ನಮ್ಮನ್ನು ಮುಗಿಸಿದರು. 2019ರಲ್ಲಿ 117ನೆಯ ನಿಮಿಷದಲ್ಲಿ ನಮ್ಮ ಭೇಕೆ ಗೋವಾಕ್ಕೆ ಮಾಡಿದ್ದೂ ಅದನ್ನೇ. 2023ರಲ್ಲಿ ಇದೇ ಎದುರಾಳಿಯ ವಿರುದ್ಧದ 2-2ರಲ್ಲಿ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಗಳು, ನಾಲ್ಕನೆಯದು ನಮ್ಮ ರಾಯ್ ಕೃಷ್ಣರ ಹೆಡರ್, ಕೊನೆಗೆ ತೀರ್ಮಾನವೂ ಶೂಟೌಟ್‌ನಲ್ಲೇ. ಫೈನಲ್‌ನಲ್ಲಿ ಎರಡೂ ಕಡೆಯವರು ಹೆದರಿ ಆಡುತ್ತಾರೆ. ಓಡುವ ಚೆಂಡಿನಲ್ಲಿ ಬಾಗಿಲು ತೆರೆಯುವುದಿಲ್ಲ, ನಿಂತ ಚೆಂಡಿನಲ್ಲಿ ತೆರೆಯುತ್ತದೆ. ಈ ವಿಷಯದಲ್ಲಿ ಅವರು ನಮಗಿಂತ ಗಟ್ಟಿ. ಸುಭಾಶಿಷ್ ಬೋಸ್, ಆಲ್ಬರ್ಟೊ, ಆಲ್ಡ್ರೆಡ್ ಹಿಂದೆ ನಿಂತು ಕಾಯುವವರಾದರೂ ಕಾರ್ನರ್ ಸಿಕ್ಕಿದೊಡನೆ ಮುಂದೆ ಬಂದು ನಿಲ್ಲುತ್ತಾರೆ. ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಗೋಲಿನ ಗೆರೆ ಬಿಟ್ಟು ಮುಂದೆ ಬಂದು ಚೆಂಡು ಹಿಡಿಯುವರೋ, ಗೆರೆಯಲ್ಲೇ ಉಳಿಯುವರೋ ಎಂಬುದರ ಮೇಲೆ ನನ್ನ ಅರ್ಧ ಲೆಕ್ಕ ನಿಂತಿದೆ.

2018ರ ಮಾತು ಬಂದಿತು, ಬರೆದೇಬಿಡುತ್ತೇನೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ. ಆ ವರ್ಷ ನಾವು 40 ಅಂಕದೊಂದಿಗೆ ಎರಡನೆಯ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿದ್ದೆವು. ಫೈನಲ್ ಕಂಠೀರವದಲ್ಲಿ. ನಾನು ಬಿ.ಸಿ. ರೋಡಿನವರೆಗೂ ಕಣ್ಣು ಮುಚ್ಚದೆ, ಘಾಟಿಯಲ್ಲಿಯೂ ಮುಚ್ಚದೆ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋದವನು. ಹೋಗುವ ಮುನ್ನ ಶಾಖೆಯ ಸಹೋದ್ಯೋಗಿಯೊಬ್ಬರ ಜೊತೆ ಹತ್ತು ಸಾವಿರದ ಬಾಜಿ ಕಟ್ಟಿದ್ದೆ. ಒಂಬತ್ತನೆಯ ನಿಮಿಷದಲ್ಲಿ ಛೆಟ್ರಿ ಗೋಲು ಹೊಡೆದಾಗ ನಾನು ಆ ಹಣದಲ್ಲಿ ಏನು ಕೊಳ್ಳಬೇಕೆಂದು ಯೋಚಿಸತೊಡಗಿದೆ. ಪುಟ್ಟ, ಅದೇ ನನಗೆ ಈಗಲೂ ನಾಚಿಕೆಯಾಗುವ ಸಂಗತಿ. ಅಷ್ಟು ದೂರ ಬಂದು, ನನ್ನ ಮೆಚ್ಚಿನ ಆಟಗಾರ ಫೈನಲ್‌ನಲ್ಲಿ ಗೋಲು ಹೊಡೆದ ಕ್ಷಣದಲ್ಲಿ ನಾನು ಆಟವನ್ನು ಬಿಟ್ಟು ಹಣ ಎಣಿಸುತ್ತಿದ್ದೆ. ನಾವು 2-3ರಿಂದ ಸೋತೆವು. ಹಣ ಕೊಟ್ಟೆ, ಸ್ಕೂಟರಿನ ಎಂಜಿನ್ ರಿಪೇರಿಗೆ ಹೋಯಿತೆಂದು ನಿನ್ನ ಅತ್ತೆಗೆ ಹೇಳಿದೆ. ಈ ಪತ್ರದ ಫೋಟೋ ತೆಗೆಯುವಾಗ ಅವಳು ಇದನ್ನು ಓದುತ್ತಾಳೆ ಎಂಬುದು ನನಗೆ ಗೊತ್ತಿದೆ.

ಆಮೇಲೆ ನಾನೊಂದು ನೋಟ್‌ಬುಕ್ ಇಟ್ಟೆ. ಪ್ರತಿ ದೊಡ್ಡ ಪಂದ್ಯಕ್ಕೆ ಮುಂಚೆ ಹತ್ತರಲ್ಲಿ ಎಷ್ಟು ಪಾಲು ಎಂದು ಒಂದು ಅಂಕಿ ಬರೆಯುತ್ತೇನೆ, ಫಲಿತಾಂಶವನ್ನು ಮಗ್ಗುಲಲ್ಲಿ ಸೇರಿಸುತ್ತೇನೆ. ತಿರುಗಿಸಿ ನೋಡಿದರೆ, ನನಗೆ ಸಂಬಂಧವಿಲ್ಲದ ತಂಡಗಳ ವಿಷಯದಲ್ಲಿ ನನ್ನ ಅಂದಾಜು ಪರವಾಗಿಲ್ಲ. ಬೆಂಗಳೂರಿನ ವಿಷಯದಲ್ಲಿ ವರ್ಷ ವರ್ಷವೂ ಹೆಚ್ಚೇ ಬರೆದಿದ್ದೇನೆ. ಈಗ ನಮ್ಮ ತಂಡಕ್ಕೆ ಮನಸ್ಸಿಗೆ ಬಂದ ಅಂಕಿಯಿಂದ ಒಂದೂವರೆ ಕಳೆದು ಬರೆಯುತ್ತೇನೆ. ಶನಿವಾರಕ್ಕೆ ಮನಸ್ಸು ಐದು ಎಂದಿತು. ಮೂರೂವರೆ ಎಂದು ಬರೆದಿದ್ದೇನೆ. ನೀನೂ ಒಂದು ಕೆಲಸ ಮಾಡು. ಮೋಹನ್ ಬಾಗಾನ್ ಏಕೆ ಗೆಲ್ಲುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ನಿನ್ನ ಗೆಳೆಯನಿಗೆ ಓದಿ ಹೇಳು. ‘ನಾನಾಗಿದ್ದರೂ ಇದನ್ನೇ ಬರೆಯುತ್ತಿದ್ದೆ’ ಎಂದು ಅವನು ಹೇಳುವವರೆಗೆ ತಿದ್ದು. ಅದಾದ ಮೇಲೆ ನಿನ್ನ ಎಂಟು ಎಷ್ಟಾಗಿ ಉಳಿಯುತ್ತದೆಂದು ನನಗೆ ತಿಳಿಸು.

ಪಣದ ವಿಷಯ. ಮೂರೂವರೆ ಪಾಲಿಗೆ ಸಮಸಮ ಹಣ ಇಡುವುದು ದಡ್ಡತನ ಎಂಬುದು ಲೆಕ್ಕದ ಮಾತು. ಆದರೆ ಎಂಟು ಪಾಲು ನಿಜವಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಆ ಎಂಟು ಸಾವಿರ ನಿನ್ನ ಅಮ್ಮ ಮೆಸ್ಸಿಗೆಂದು ಕಳುಹಿಸಿದ್ದು. ಗೆದ್ದರೂ ನೀನು ಗೆಳೆಯನ ತಾಯಿ ಕಳುಹಿಸಿದ ಹಣವನ್ನು ತಿನ್ನುವವನಾಗುವೆ, ಮರುದಿನ ಅದೇ ರೂಮಿನಲ್ಲಿ ಅವನ ಎದುರು ಕೂರಬೇಕು. ಇಂದೇ ಅವನಿಗೆ ಹೇಳಿ ಪಣವನ್ನು ಬಿಟ್ಟುಬಿಡು. ಹೆದರಿದ ಎಂದು ನಗುತ್ತಾನೆ, ನಗಲಿ. ಮಾವ ಬೈದರು ಎಂದು ನನ್ನ ಮೇಲೆ ಹಾಕು. ಬೇಕಿದ್ದರೆ ಸೋತವನು ಗೆದ್ದವನಿಗೆ ತನ್ನ ಊರಿನ ತಿಂಡಿ ಕೊಡಿಸುವುದೆಂದು ಇಟ್ಟುಕೊಳ್ಳಿ: ಅವನು ಸೋತರೆ ರಸಗುಲ್ಲ, ನೀನು ಸೋತರೆ ಅವನನ್ನು ರಜೆಯಲ್ಲಿ ಇಲ್ಲಿಗೆ ಕರೆದುಕೊಂಡು ಬಂದು ಗಡ್‌ಬಡ್ ಐಸ್‌ಕ್ರೀಮ್. ಅದರ ಹಣ ನಾನು ಕೊಡುತ್ತೇನೆ.

ಸೋಮವಾರ ಬಿಸು, ನಮ್ಮ ತುಳುನಾಡಿನ ಹೊಸ ವರ್ಷ. ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀಯೆಂದು ನಿನ್ನ ಅಮ್ಮ ಹೇಳಿದಳು. ಬಸ್ಸಿಳಿದು ನೇರವಾಗಿ ನಮ್ಮ ಮನೆಗೇ ಬಾ, ಕಣಿ ನೋಡಿ, ಪಾಯಸ ಉಂಡು ಆಮೇಲೆ ನಿನ್ನ ಮನೆಗೆ ಹೋಗಬಹುದು. ಸಂಜೆ ಇಬ್ಬರೂ ನೆಹರೂ ಮೈದಾನಕ್ಕೆ ನಡೆದು, ಹುಡುಗರ ಆಟ ನೋಡುತ್ತಾ ಶನಿವಾರದ ಕಾರ್ನರ್‌ಗಳನ್ನು ಒಂದೊಂದಾಗಿ ಬಿಡಿಸೋಣ. ಬರುವಾಗ ನಿನ್ನ ಅಂಕಿ ಬರೆದ ಚೀಟಿ ತರುವುದನ್ನು ಮರೆಯಬೇಡ, ಆಟ ಆರಂಭವಾಗುವ ಮುನ್ನವೇ ಬರೆದದ್ದಾಗಿರಲಿ.

ಇಂತಿ,
ನಿನ್ನ ಮಾವ